ಊಟಕ್ಕೆ ಕರೆಯುವ ಬಗೆ

ಪರದೆಯ ಅಂಚು ಸೊಟ್ಟಗಿದೆ, ಯಾರೋ ಅವಸರದಲ್ಲಿ ಹೊಲಿದಿದ್ದಾರೆ, ಎಡಗಡೆ ದಾರ ಬಿಟ್ಟುಕೊಂಡು ಜೋತಾಡುತ್ತಿದೆ — ಒಂದು ಸೂಜಿ ಕೊಟ್ಟರೆ ಇಲ್ಲೇ ಕೂತು ಸರಿ ಮಾಡಿಬಿಡುತ್ತಿದ್ದಳು, ಬಟ್ಟೆ ಹೊಲಿಯುವವಳ ಕಣ್ಣು ಎಲ್ಲಿಗೆ ಹೋದರೂ ಅಂಚಿನ ಮೇಲೇ ಬೀಳುತ್ತದೆ, ಬೀಳಲಿ, ಅಂಚು ನೋಡುತ್ತಿದ್ದರೆ ಮಗಳನ್ನು ನೋಡುವುದು ತಪ್ಪುತ್ತದೆ, ವೇದಿಕೆಯ ಮೇಲೆ ಸಾಲಿನ ಕೊನೆಯಲ್ಲಿ ನಿಂತಿರುವ ಮಗಳು, ಎರಡೂ ಕೈ ಜೇಬಿನಲ್ಲಿ. ಆ ಜೇಬು ಹೊಲಿದವಳು ತಾನೇ. ಒಳಗೆ ಬಿಳಿ ಬಟ್ಟೆ ಕೊಟ್ಟು ಆಳವಾಗಿ ಹೊಲಿದಳು, ಚಳಿಗೆ ಮಗುವಿನ ಕೈ ಬೆಚ್ಚಗಿರಲಿ ಅಂತ, ಈಗ ನೋಡು, ಬೀದಿಗೆ ಕಾಲಿಟ್ಟ ಕೂಡಲೇ ಕೈಗಳು ಅದರೊಳಗೆ ಹೋಗಿ ಅಡಗುತ್ತವೆ, ಕೈ ಅಡಗಿತು ಅಂದರೆ ಮಾತು ಮುಗಿಯಿತು, ಏಳನೇ ವಯಸ್ಸಿನ ಜ್ವರ ತನ್ನ ಕಿವಿ ಎರಡನ್ನೂ ಹೊತ್ತುಕೊಂಡು ಹೋದಮೇಲೆ ತನಗೆ ಮಾತು ಅಂದರೆ ಕೈ — ಮನೆಯಲ್ಲಿ ಅರಳು ಹುರಿದ ಹಾಗೆ ಬೆರಳಾಡಿಸುವ ಹುಡುಗಿ ಬೀದಿಯಲ್ಲಿ ಎರಡು ಹೆಜ್ಜೆ ಮುಂದೆ ಮುಂದೆ ನಡೆಯುತ್ತಾಳೆ, ಯಾರಾದರೂ ನೋಡಿಬಿಟ್ಟರೆ ಅಂತ. ನೀನು ಬರೋದು ಬೇಡಮ್ಮ, ನಿನಗೇನೂ ಕೇಳಿಸಲ್ಲವಲ್ಲ, ಬಂದು ಏನು ಮಾಡ್ತೀಯ, ನಿನ್ನೆ ಸಂಜೆ ಕೈಯಲ್ಲೇ ಹೇಳಿದ್ದು, ಮುಖ ನೋಡದೆ. ನಿಜ ತಾನೇ, ಕಿವುಡನ ಮುಂದೆ ಶಂಖ ಊದಿದ ಹಾಗೆ, ಜನ ಅವಳ ಎದುರಿಗೇ ಆ ಗಾದೆ ಆಡಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ, ಆದರೆ ಮಗಳೇ ಹಾಗಂದ ಮೇಲೆ ರಾತ್ರಿ ಉಣ್ಣಲಿಲ್ಲ. ಅತ್ತೆ ಬಿಟ್ಟಾರೆಯೇ, ಬೆಳಿಗ್ಗೆ ಸೊಂಟಕ್ಕೆ ಕೈ ಕೊಟ್ಟು ತುಟಿಯನ್ನು ಅಗಲವಾಗಿ ಆಡಿಸಿ, ನಡಿಯೇ, ನನಗೆ ಎರಡು ಕಿವಿ ಇದೆ, ನಿನಗೊಂದು ನನಗೊಂದು.

ಅತ್ತೆಗೆ ಸಂಭ್ರಮಕ್ಕೆ ಕಾರಣ ಬೇರೆಯೇ ಇದೆ. ಹೋದ ವಾರವೆಲ್ಲ ಶಾಲೆಗೆ ಬಂದಿದ್ದರಲ್ಲ ಇಬ್ಬರು ಕವಿಗಳು, ಮೊಣಕೈ ಹರಿದ ಕೋಟಿನ ಉದ್ದನೆಯವನು, ಒಂದು ಕಾಲಿಗೆ ಹಸಿರು ಒಂದು ಕಾಲಿಗೆ ಹಳದಿ ಕಾಲುಚೀಲ ಹಾಕುವ ಹುಡುಗಿ — ಅವರು ಮಕ್ಕಳಿಗೆ ಕೊಟ್ಟ ಕೆಲಸ ಒಂದೇ, ನಿಮ್ಮ ನಿಮ್ಮ ಮನೇಲಿ ಊಟಕ್ಕೆ ಹೇಗೆ ಕರೀತಾರೆ, ಅದನ್ನ ಹೊತ್ಕೊಂಡು ಬನ್ನಿ, ಎಲ್ಲ ಸೇರಿಸಿ ಒಂದು ಪದ್ಯ ಕಟ್ಟೋಣ. ಒಂದೊಂದು ಮನೆಯಲ್ಲಿ ಒಂದೊಂದು ಭಾಷೆ ಇರುವ ಶಾಲೆ. ಅಂದಿನಿಂದ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡದ್ದೇ ಮಾಡಿಕೊಂಡದ್ದು, ಏ ಚೂಟೀ, ಊಟ ಆರ್ತಾ ಇದೆ, ಬರ್ತೀಯೋ ಇಲ್ವೋ, ಮೊಮ್ಮಗಳು ತಮ್ಮ ಕೂಗನ್ನೇ ಒಯ್ಯುತ್ತಾಳೆ ಅಂತ ಗ್ಯಾರಂಟಿ. ಅದೇ ಇರಬೇಕು, ಇನ್ನೇನು ಇದೆ ಆ ಮನೆಯಲ್ಲಿ ಒಯ್ಯಲಿಕ್ಕೆ. ನೀನೇನು ಹೇಳ್ತೀಯ ಅಂತ ಅವಳು ಕೇಳಿದ್ದಕ್ಕೆ ಮಗಳ ಕೈ ಜೇಬಿಗೆ ಹೋಗಿತ್ತು.

ಈಗ ಒಬ್ಬೊಬ್ಬರೇ ಮುಂದೆ ಬರುತ್ತಿದ್ದಾರೆ, ದುಂಡು ಕೆನ್ನೆಯ ಹುಡುಗ ಹಲ್ಲು ಎಣಿಸಬಹುದು ಅನ್ನುವ ಹಾಗೆ ಬಾಯಿ ತೆರೆದ, ಎಲ್ಲ ಮಕ್ಕಳೂ ಅವನ ಹಾಗೇ ತೆರೆದರು, ಇನ್ನೊಬ್ಬಳ ತುಟಿ ಸೀಟಿ ಹೊಡೆದ ಹಾಗೆ ಮುದುಡಿತು, ಅತ್ತೆ ಮೊಣಕೈಯಿಂದ ತಿವಿದು, ಇದು ಯಾವ ಭಾಷೆಯೋ ದೇವರೇ ಬಲ್ಲ ಕಣೇ, ಆದ್ರೆ ಊಟಕ್ಕೇ ಕರೀತಿರೋದು, ನಂಗೇ ಹಸಿವಾಯ್ತು. ನಗು ಬಂತು, ನಿಂತಿತು. ಮಗಳು ಮುಂದೆ ಬಂದಳು. ಕೈ ಜೇಬಿನಲ್ಲೇ. ಅತ್ತೆ ನೆಟ್ಟಗೆ ಕೂತರು, ಬಾಯಿ ಆಗಲೇ ಏ ಚೂಟೀ ಅನ್ನುವ ಆಕಾರಕ್ಕೆ ಬಂದಿದೆ, ಮಗಳ ಬಾಯಿ ಮಾತ್ರ ತೆರೆಯುತ್ತಿಲ್ಲ, ಹೆಡ್‌ಮಾಸ್ತರರು ಕತ್ತು ಉದ್ದ ಮಾಡಿದರು, ಹೇಳು ಮಗಾ, ಅಯ್ಯೋ, ತಾನು ಬಂದದ್ದೇ ತಪ್ಪಾಯಿತು, ಎದ್ದು ಹೋಗಿಬಿಡಲೇ, ಅಷ್ಟರಲ್ಲಿ ಮಗಳ ಕಣ್ಣು ಸಾಲಿನಿಂದ ಸಾಲಿಗೆ ಹುಡುಕಿಕೊಂಡು ಬಂದು ಅವಳ ಮೇಲೆ ನಿಂತಿತು, ನಿಂತೇಬಿಟ್ಟಿತು — ಕೈ ಹೊರಗೆ ಬಂತು, ಎರಡೂ, ಎಷ್ಟು ರಭಸ ಅಂದರೆ ಜೇಬಿನ ಬಿಳಿ ಬಟ್ಟೆ ಕೂಡ ಹೊರಗೆ ಎಳೆದುಕೊಂಡು. ಬಾಯಿಯೂ ಆಡುತ್ತಿದೆ ಕೈಯೂ ಆಡುತ್ತಿದೆ, ಇಡೀ ಶಾಲೆಯ ಎದುರಿಗೆ ಕೈ ಆಡುತ್ತಿದೆ. ನಮ್ಮಮ್ಮ ಕೂಗಲ್ಲ. ನಮ್ಮಮ್ಮ ನೆಲಕ್ಕೆ ಹೇಳ್ತಾಳೆ, ನೆಲ ನಂಗೆ ಹೇಳತ್ತೆ. ಮತ್ತೆ ಕಾಲೆತ್ತಿ, ದಡ್ ದಡ್, ದಢಾರ್.

ಅವಳದೇ. ಎರಡು ಬೇಗ, ಒಂದು ನಿಧಾನ, ಮಾಳಿಗೆಯ ಹಲಗೆ ನೆಲದ ಮೇಲೆ ದಿನಾ ಸಂಜೆ ಅವಳು ತುಳಿಯುವುದು, ಮಂಚದ ಕೆಳಗೆ ಆಡುತ್ತಿರುವ ಮಗಳು ಓಡಿ ಬರುವುದು, ಕೆಳಗಿನ ಮನೆಯವನು ಕೋಲಿನಿಂದ ಸೂರು ಕುಟ್ಟುವುದು, ಯಾರ ಮನೆ ಮುರೀತಾ ಇದೀರ್ರೀ ಅಂತಾನಂತೆ. ಉದ್ದನೆಯ ಕವಿ ಕೈ ಮೇಲೆತ್ತಿದ, ಸಾಲಿಗೆ ಸಾಲು ಮಕ್ಕಳ ಕಾಲು ಮೇಲೆದ್ದವು, ದಡ್ ದಡ್ ದಢಾರ್, ಈ ಸಭಾಂಗಣದ್ದೂ ಹಲಗೆ ನೆಲವೇ, ಪುಣ್ಯಾತ್ಮರು ಹಲಗೆ ಹಾಕಿಸಿದ್ದಾರೆ, ಅಂಗಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ, ಹಲ್ಲಿನವರೆಗೂ ಬಂತು, ಊದಿ, ಊದಿ, ಈಗ ಊದಿ ನಿಮ್ಮ ಶಂಖ, ಇಷ್ಟು ಜನ ಒಟ್ಟಿಗೆ ಅವಳ ಭಾಷೆ ಆಡಿದ್ದು ಇದೇ ಮೊದಲು. ಮಗಳು ಕಾಯುತ್ತಿದ್ದಾಳೆ. ಕರೆದವರಿಗೆ ಒಂದು ಸಲ ತುಳಿದು ಓಗೊಡಬೇಕು, ಅದು ಮನೆಯ ನಿಯಮ. ಮೆಲ್ಲಗೆ ನಡಿ, ನಿನ್ನ ಸದ್ದು ನಿನಗೇ ಗೊತ್ತಾಗಲ್ಲ, ಚಿಕ್ಕಂದಿನಿಂದ ಎಲ್ಲರೂ ಹೇಳಿ ಹೇಳಿ ಜನರ ನಡುವೆ ತುದಿಗಾಲಲ್ಲೇ ಬದುಕಿದವಳು ಎದ್ದು ನಿಂತಳು, ಚಪ್ಪಲಿ ಕಳಚಿದಳು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದಳು, ಪಕ್ಕದಲ್ಲಿ ಅತ್ತೆ ತಮ್ಮ ಕೂಗು ಬಿಟ್ಟುಹೋದ ದುಃಖವನ್ನೂ ಮರೆತು ಕಣ್ಣೊರೆಸುತ್ತ ತುಳಿದರು, ಬಂದೆ ಕಣೇ, ಬಂದೆ, ನೆಲ ನಡುಗುತ್ತಲೇ ಇದೆ, ಕಣ್ಣು ಮಂಜಾಗಿ ಪರದೆ ಕಾಣುತ್ತಿಲ್ಲ, ಕವಿಗಳು ಕಾಣುತ್ತಿಲ್ಲ, ಕಾಣುವುದು ಆ ಜೇಬು, ಎರಡು ಜೇಬು, ಒಳಗಿನ ಬಿಳುಪೆಲ್ಲ ಹೊರಗೆ, ಅದರಲ್ಲಿ ಕೈ ಇಲ್ಲ, ಎರಡರಲ್ಲೂ ಇಲ್ಲ, ಬಿಳಿ ಜೇಬು,