ಹಳೇ ರೂಟರಿನಲ್ಲಿ ಇದ್ದದ್ದು

"ಹಳೇದ್ರಲ್ಲಿ ಇರೋದನ್ನೆಲ್ಲ ಹೊಸದಕ್ಕೆ ಹಾಕಿಬಿಡ್ತೀನಿ ಮೇಡಂ. ರೂಟರ್ ಬದಲಾಗಿದ್ದು ನಿಮ್ಮ ಫೋನಿಗೂ ಗೊತ್ತಾಗಲ್ಲ" ಎಂದು ಇಂಟರ್ನೆಟ್ ಕಂಪನಿಯವನು ನೆಲದ ಮೇಲೆಯೇ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ. "ಸೆಟ್ಟಿಂಗ್ಸ್ ತೆಗೆಯೋಕೆ ಬೇರೆ ಪಾಸ್‌ವರ್ಡ್ ಇರುತ್ತೆ. ಅದೊಂದು ಹೇಳಿ."

ಅದು ಅಕ್ಕನಿಗಷ್ಟೇ ಗೊತ್ತು. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. ತಂಗಿ ಅಮ್ಮನ ಹೆಸರು ಹೊಡೆದು ನೋಡಿದಳು, ಆಗಲಿಲ್ಲ. ಆಮೇಲೆ 'ಗುಬ್ಬಿ' ಎಂದು ಹೊಡೆದಳು. ಅವಳನ್ನು ಹಾಗೆ ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ಪಟ್ಟನೆ ತೆರೆದುಕೊಂಡಿತು. ತಂಗಿಗೆ ನಗು ಬಂತು.

ಅವನು ಒಂದೊಂದಾಗಿ ನೋಡುತ್ತ ಬಂದವನು ಒಂದು ಕಡೆ ನಿಂತ.

"ಮನೇಲಿ ಓದೋ ಮಕ್ಕಳಿದಾರಾ?"

"ಇಲ್ಲ. ನಾವಿಬ್ರೇ, ಅಕ್ಕ ತಂಗಿ."

"ಮತ್ತೆ ಈ ಒಂದು ಫೋನಿಗೆ ದಿನಾ ಸಂಜೆ ಮೇಲೆ ಸ್ಪೀಡ್ ತೀರಾ ಇಳಿಸಿಟ್ಟಿದಾರಲ್ಲ. ಮೆಸೇಜ್ ಹೋಗುತ್ತೆ, ವಿಡಿಯೊ ಕಾಲ್ ನಿಲ್ಲಲ್ಲ. ಇದನ್ನೂ ಹಾಗೇ ಹಾಕ್ಲಾ?"

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಫೋನು ಅವಳದೇ.

ಅವಳ ಹುಡುಗ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ. ಹಡಗು ಬಂದರಿಗೆ ಬಂದ ಸಂಜೆಗಳಲ್ಲಿ ಮಾತ್ರ ಅವನ ಮುಖ ಕಾಣುತ್ತಿತ್ತು. ಸುತ್ತ ಎತ್ತರದ ಕಟ್ಟಡಗಳು ಎದ್ದಿದ್ದರಿಂದ ಮನೆಯೊಳಗೆ ಮೊಬೈಲ್ ಇಂಟರ್ನೆಟ್ ಸಿಗುತ್ತಿರಲಿಲ್ಲ. ಇದ್ದದ್ದು ಈ ಲೈನೊಂದೇ. ಎರಡು ಮಾತಾಡುವಷ್ಟರಲ್ಲಿ ಅವನ ಮುಖ ಚೂರುಚೂರಾಗಿ ನಿಂತುಬಿಡುತ್ತಿತ್ತು. ಮದುವೆಯಾಗಿ ನನ್ನೂರಿಗೆ ಬರ್ತೀಯಾ ಎಂದು ಅವನು ಕೇಳಿದಾಗ ಅವಳು ಬರ್ತೀನಿ ಎಂದದ್ದು ಆ ಕಡೆ ತಲುಪಲೇ ಇಲ್ಲ. 'ಮನಸ್ಸಿಲ್ಲದಿದ್ರೆ ನೇರ ಹೇಳು, ಪ್ರತಿ ಸಲ ಕಟ್ ಮಾಡ್ಬೇಡ' ಎಂದು ಬರೆದಿದ್ದ. ಇವಳು ಎಷ್ಟು ಬರೆದರೂ ನಂಬಲಿಲ್ಲ. ಹೋದ ವರ್ಷ ಬೇರೆಯವಳನ್ನು ಮದುವೆಯಾದ. ಆ ಸುದ್ದಿ ಬಂದ ದಿನ ಅಕ್ಕ ಇವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಹಾಳಾದ ಲೈನು ಎಂದು ಕಂಪನಿಗೆ ಫೋನ್ ಹಚ್ಚಿ, ಗಂಟಲು ಹರಿಯುವಂತೆ ಬೈದಿದ್ದಳು.

"ಮೇಡಂ?"

"ಅದೊಂದು ಬೇಡ" ಎಂದಳು. "ಮಿಕ್ಕಿದ್ದೆಲ್ಲ ಹಾಕಿ."

ಸಂಜೆ ಅಕ್ಕ ಬಂದಳು. ಬಾಗಿಲಲ್ಲೇ ಹೊಸ ರೂಟರ್ ಕಣ್ಣಿಗೆ ಬಿತ್ತು.

"ಹಾಕಿ ಹೋದ್ರಾ? ಸ್ಪೀಡ್ ಹೇಗಿದೆಯೇ?"

"ಚೆನ್ನಾಗಿದೆ. ನನ್ನ ಫೋನಿಗೂ ಬರ್ತಿದೆ."

ಚಪ್ಪಲಿ ಬಿಡುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು.

"ಪಾಸ್‌ವರ್ಡ್ ಯಾರು ಹೇಳಿದ್ರು?"

"ಯಾರೂ ಇಲ್ಲ. ಗುಬ್ಬಿ ಅಂತ ಹೊಡೆದೆ, ತೆಗೀತು."

ಅಕ್ಕ ಒಂದೇ ಚಪ್ಪಲಿಯಲ್ಲಿ ಕುರ್ಚಿಗೆ ಕೂತಳು. "ವರ್ಷವೆಲ್ಲ ನೀರ ಮೇಲಿರೋನು ಅವನು. ಗುರುತಿಲ್ಲದ ಊರಲ್ಲಿ ನೀನೊಬ್ಳೇ ಬಿದ್ದಿರಬೇಕಾಗ್ತಿತ್ತು" ಎಂದಳು.

"ಅದನ್ನ ನನಗೆ ಹೇಳ್ಬೇಕಿತ್ತು."

"ಹೇಳಿದ್ರೆ ನಿಲ್ತಿದ್ಯಾ? ಹೋಗೇಬಿಡ್ತಿದ್ದೆ."

"ಹೂಂ. ಹೋಗ್ತಿದ್ದೆ." ತಂಗಿಯ ದನಿ ಏರಲಿಲ್ಲ. "ಅಕ್ಕ, ಅವತ್ತು ಕಂಪನಿಗೆ ಫೋನ್ ಮಾಡಿ ಬೈದ್ಯಲ್ಲ. ಆ ಕಡೆ ಯಾರಾದ್ರೂ ಇದ್ರಾ?"

ಅಕ್ಕ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಅಮ್ಮ ಹೋದಾಗಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ತಂಗಿ ತನ್ನ ಹಾಸಿಗೆ ಸುತ್ತಿ ಹೊರಗಿಟ್ಟು, ಮಂಚವನ್ನು ನಡುಮನೆಗೆ ಎಳೆಯತೊಡಗಿದಳು. ಬಾಗಿಲಿಗೆ ಬರುವ ಹೊತ್ತಿಗೆ ಅದು ಚೌಕಟ್ಟಿಗೆ ಸಿಕ್ಕಿಕೊಂಡಿತು. ಎಳೆದಳು, ಒಳಗಿನಿಂದ ನೂಕಿದಳು, ಜಗ್ಗಲಿಲ್ಲ. ನಲ್ಲಿಯ ಸದ್ದು ನಿಂತಿತು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಗಿ ಈಚೆ ತುದಿಯನ್ನು ಹಿಡಿದಳು.

"ಸ್ವಲ್ಪ ಓರೆ ಮಾಡು" ಎಂದಳು.

ತಂಗಿ ಓರೆ ಮಾಡಿದಳು. ಮಂಚ ಹೊರಬಂತು. ಅಕ್ಕ ತನ್ನ ಕಡೆಯ ಕಾಲುಗಳನ್ನು ಸದ್ದಾಗದಂತೆ ನೆಲಕ್ಕಿಳಿಸಿದಳು.