ಆಮೆಯ ದನಿ

ಐದನೇ ತರಗತಿಯ ಗಣಿತದ ಟೀಚರ್ ಕಾಯಿಲೆ ಬಿದ್ದ ಮೇಲೂ ಪಾಠ ಬಿಡಲಿಲ್ಲ. ಹಾಸಿಗೆಯಲ್ಲೇ ದಿಂಬಿಗೆ ಒರಗಿ, ಕಂಪ್ಯೂಟರಿನಲ್ಲಿ ಒಂದು ಕಾರ್ಟೂನ್ ಆಮೆ ಮಾಡಿ, ಅದಕ್ಕೆ ತಮ್ಮ ದನಿ ಕೊಟ್ಟು ಶಾಲೆಗೆ ಕಳಿಸುತ್ತಿದ್ದರು. ಕನ್ನಡಕ ಹಾಕಿದ ಆ ಆಮೆ ತರಗತಿಯ ಪರದೆಯ ಮೇಲೆ ನಿಧಾನಕ್ಕೆ ನಡೆದು ಬಂದು ಲೆಕ್ಕ ಕೇಳುತ್ತಿತ್ತು. ಗಣಿತವೆಂದರೆ ಮಾರು ದೂರ ಓಡುತ್ತಿದ್ದ ಮಕ್ಕಳೂ ನಾ ಮುಂದು ತಾ ಮುಂದು ಎಂದು ಕೈ ಎತ್ತುತ್ತಿದ್ದರು. ಟೀಚರ ಮಗಳೂ ಅದೇ ತರಗತಿಯಲ್ಲಿದ್ದಳು. ಗುಬ್ಬಿಯಷ್ಟೇ ಇದ್ದಳು, ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು.

ಭಿನ್ನರಾಶಿ ಮುಗಿಯಿತು. ದಶಮಾಂಶ ಶುರುವಾಗುವ ಮೊದಲೇ ಟೀಚರ್ ತೀರಿಕೊಂಡರು.

ಅವರ ಜಾಗಕ್ಕೆ ಬಂದ ಮೇಷ್ಟ್ರದು ಒರಟು ದನಿ, ಒಳ್ಳೆಯ ಮನಸ್ಸು. ಅವರು ಏನು ಕೇಳಿದರೂ ಮಕ್ಕಳು ಕಲ್ಲಿನಂತೆ ಕೂತಿರುತ್ತಿದ್ದರು. ಒಬ್ಬ ಹುಡುಗ ಆಮೆ ಯಾವಾಗ ಬರುತ್ತದೆ ಎಂದು ಕೇಳಿದ. ಉಳಿದವರು ಗುಬ್ಬಿಯನ್ನು ನೋಡಿ ತಲೆ ತಗ್ಗಿಸಿದರು.

ಮುಖ್ಯೋಪಾಧ್ಯಾಯಿನಿ ಒಂದು ದಾರಿ ಹುಡುಕಿದರು. ಟೀಚರ ಹಳೆಯ ಪಾಠಗಳಿಂದ ಅವರ ದನಿ ತೆಗೆದು, ಕಂಪ್ಯೂಟರಿನಿಂದ ಅದೇ ದನಿಯಲ್ಲಿ ಉಳಿದ ಪಾಠಗಳನ್ನೂ ಆಮೆಯ ಬಾಯಲ್ಲಿ ಹೇಳಿಸಬಹುದಂತೆ. ಮನೆಯವರ ಒಪ್ಪಿಗೆ ಮಾತ್ರ ಬೇಕು. ಸಾವಿನ ಮನೆಗೆ ಇಂಥ ಮಾತು ಒಯ್ಯುವುದು ಮೇಷ್ಟ್ರಿಗೆ ಸರಿ ಕಾಣಲಿಲ್ಲ. ಆದರೂ ಭಾನುವಾರ ಹೋದರು.

ಟೀಚರ ಗಂಡ ಬಸ್ ಡ್ರೈವರ್. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಸಮವಸ್ತ್ರ ಕಿಟಕಿಯ ಹಗ್ಗದ ಮೇಲೆ ಒಣಗುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡು ಅವರು ಒಂದೇ ಮಾತು ಹೇಳಿದರು.

"ಅವಳು ಪಾಠ ಮಾಡೋದನ್ನ ನಾನು ಒಂದು ದಿನಾನೂ ನೋಡಿಲ್ಲ ಮೇಷ್ಟ್ರೇ. ಅವಳ ಶಾಲೆ ಹೊತ್ತಿಗೂ, ಆಮೇಲೆ ಮನೇಲಿ ಪಾಠ ಮಾಡ್ತಿದ್ದ ಹೊತ್ತಿಗೂ ನನ್ನ ಡ್ಯೂಟಿ. ಮೊದಲು ಅದನ್ನ ತೋರಿಸಿ."

ಮೇಷ್ಟ್ರು ಲ್ಯಾಪ್‌ಟಾಪ್ ತೆರೆದು ಭಿನ್ನರಾಶಿಯ ಪಾಠ ಹಾಕಿದರು. ನಡುವೆ ಆಮೆ ನಿಂತುಬಿಟ್ಟಿತು. ಕೆಮ್ಮು ಕೇಳಿಸಿತು. "ತಾಳಿ ಮಕ್ಕಳೇ, ಒಂದು ಗುಟುಕು ನೀರು ಕುಡೀತೀನಿ" ಎಂದಿತು ಟೀಚರ ದನಿ. ಡ್ರೈವರ್ ನೀರು ತರಲು ಅರ್ಧ ಎದ್ದವರು ಹಾಗೇ ಕೂತರು.

ಆಮೇಲೆ ಮೇಷ್ಟ್ರು ಮಾದರಿಗೆಂದು ಹೊಸದಾಗಿ ಮಾಡಿಸಿದ್ದ ತುಣುಕು ಹಾಕಿದರು. ಅದೇ ಆಮೆ, ಅದೇ ದನಿ, ದಶಮಾಂಶದ ಪಾಠ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಗುಬ್ಬಿ ಹತ್ತಿರ ಬಂದಳು.

"ಇದು ಅಮ್ಮ ಹೇಳಿದ್ದಲ್ಲ."

"ದನಿ ಅಮ್ಮಂದೇ ಅಲ್ವೇನೇ?" ಎಂದರು ಅಪ್ಪ.

"ದನಿ ಅಮ್ಮಂದೇ. ಮಾತು ಅಮ್ಮಂದಲ್ಲ. ಅಮ್ಮ ಹೇಳದೇ ಇರೋದನ್ನ ಅಮ್ಮನ ಹತ್ರ ಹೇಳಿಸಬೇಡಿ ಅಪ್ಪ."

ಡ್ರೈವರ್ ಆ ತುಣುಕು ನಿಲ್ಲಿಸಲು ಹೇಳಿದರು. ತಾವು ಇನ್ನೇನು ಹೂಂ ಅನ್ನುವುದರಲ್ಲಿದ್ದದ್ದಾಗಿ, ಹೇಗಾದರೂ ಸರಿ ಆ ದನಿ ಇನ್ನಷ್ಟು ದಿನ ಕೇಳಲಿ ಎಂಬ ಆಸೆ ಹುಟ್ಟಿದ್ದಾಗಿ ಮೇಷ್ಟ್ರ ಮುಂದೆ ಒಪ್ಪಿಕೊಂಡರು. ಆಮೇಲೆ ಹೆಂಡತಿ ತಾನೇ ಮಾಡಿದ ಪಾಠಗಳನ್ನಷ್ಟೇ ತಮಗೂ ಹಾಕಿಕೊಡುವಂತೆ ಕೇಳಿದರು.

ಹೊರಟ ಮೇಷ್ಟ್ರನ್ನು ಗುಬ್ಬಿ ಮೆಟ್ಟಿಲವರೆಗೆ ಕಳಿಸಲು ಬಂದಳು. ಆಮೆಯೇ ಬೇಡವೆಂದು ತಾನು ಹೇಳಲಿಲ್ಲ, ಮೇಷ್ಟ್ರು ತಾವೇ ಅದಕ್ಕೆ ದನಿ ಕೊಡಬಹುದು, ಆದರೆ ಇಷ್ಟು ಜೋರಾಗಿ ಬೇಡ ಎಂದಳು.

ಮೇಷ್ಟ್ರು ವಾರವಿಡೀ ಅಭ್ಯಾಸ ಮಾಡಿದರು. ಸೋಮವಾರ ಆಮೆ ಪರದೆಗೆ ಬಂದು ಒರಟು ದನಿಯಲ್ಲಿ ನಮಸ್ಕಾರ ಹೇಳಿದಾಗ ಕೆಲವರು ಕಿಸಕ್ಕೆಂದರು. ಇದು ನಮ್ಮ ಆಮೆ ಅಲ್ಲ ಎಂದು ಒಬ್ಬ ಮುಖ ತಿರುಗಿಸಿದ.

ಗುಬ್ಬಿ ಎದ್ದು ನಿಂತಳು. "ಆಮೆ ಅದೇ. ಟೀಚರ್ ತೀರಿಹೋದ್ರು. ಅದಕ್ಕೆ ಮೇಷ್ಟ್ರು ಮಾತಾಡ್ತಿದಾರೆ."

ಆ ತರಗತಿಯಲ್ಲಿ ಈ ಮಾತನ್ನು ಅದುವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಅಳತೊಡಗಿದಳು. ಮುಖ ತಿರುಗಿಸಿದ್ದ ಹುಡುಗನೂ ಅತ್ತ. ಮೇಷ್ಟ್ರು ಪರದೆ ಆರಿಸಿ ಮಕ್ಕಳ ನಡುವೆ ಬಂದು ಕೂತರು. ಯಾರನ್ನೂ ಸುಮ್ಮನಿರು ಅನ್ನಲಿಲ್ಲ. ಟೀಚರ್ ಹೇಗಿದ್ದರು ಎಂದು ಕೇಳಿದರು. ಒಬ್ಬೊಬ್ಬರಾಗಿ ಹೇಳತೊಡಗಿದರು, ಗುಬ್ಬಿಗೂ ಗೊತ್ತಿಲ್ಲದ ಸಂಗತಿಗಳನ್ನು. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತ ಕೂತಳು. ದಶಮಾಂಶ ಮರುದಿನ ಶುರುವಾಯಿತು.