ಒಂದು ಮೀಟರಿಗೆ ಒಂದೇ ಕುಕ್ಕರ್

ಸೋಮವಾರ ಬೆಳಿಗ್ಗೆ ಫೋನಿಗೆ ಕುಕ್ಕರ್ ಕಂಪನಿಯ ಆ ಸಂದೇಶ ಬಂತು ನೋಡಿ, ಅಲ್ಲಿಂದ ಗುರುವಾರದವರೆಗೆ ನಾನು ಒಂದು ಕಡೆ ಕೂತವಳಲ್ಲ. ನಮ್ಮ ಗುಂಪಿನ ಎಂಟು ಕರೆಂಟ್ ಕುಕ್ಕರುಗಳಲ್ಲಿ ಏಳು ಎರಡು ತಿಂಗಳಿಂದ ತಣ್ಣಗೆ ಕೂತಿವೆಯಂತೆ. ಗುರುವಾರ ಬಂದು ಅವನ್ನು ವಾಪಸ್ ಒಯ್ಯುತ್ತಾರಂತೆ. ಎಂಟನೆಯದು ಮಾತ್ರ ದಿನವೂ ದುಡಿದಿದೆ, ಈ ಭಾಗದಲ್ಲೇ ಅಷ್ಟು ದುಡಿದ ಕುಕ್ಕರ್ ಇನ್ನೊಂದಿಲ್ಲ, ಅದರ ಒಡತಿಯ ಅಡುಗೆಮನೆಯಲ್ಲಿ ಫೋಟೋ ತೆಗೆಯುತ್ತೇವೆ ಎಂದೂ ಬರೆದಿತ್ತು. ಆ ಒಡತಿ ಮಿನಾಯೊ. ನನ್ನ ಹಿರಿಯ ಸವತಿ. ಅವಳ ಮನೆಗೆ ಕರೆಂಟೇ ಇಲ್ಲ.

ತಪ್ಪು ಪೂರ್ತಿ ನನ್ನದು. ಗುಂಪು ಕಟ್ಟಿದವಳು ನಾನು, ಅರ್ಜಿ ತುಂಬಿದವಳೂ ನಾನು. ಕಂಪನಿಯವರು ಮೊದಲ ಸಲ ಚರ್ಚಿನ ಅಂಗಳದಲ್ಲಿ ಸಭೆ ಮಾಡಿದಾಗ, ನೀವು ಕಟ್ಟಿಗೆ ಸುಡದೆ ಉಳಿಸಿದ ಹೊಗೆಗೆ ದೂರದೇಶದ ಕಾರ್ಖಾನೆಯವರು ದುಡ್ಡು ಕೊಡುತ್ತಾರೆ, ಕುಕ್ಕರಿನ ಮುಕ್ಕಾಲು ಬೆಲೆ ಅದರಲ್ಲೇ ತೀರುತ್ತದೆ, ಮಿಕ್ಕದ್ದನ್ನು ವಾರವಾರ ನೀವು ಕಟ್ಟಿದರೆ ಸಾಕು ಎಂದಿದ್ದರು. ನಮ್ಮ ಗುಂಪಿನ ಕಗೇಹಾಳ ಬಾಯಿ ಗೊತ್ತಲ್ಲ, ಸುಮ್ಮನಿರಲಿಲ್ಲ.

“ಆಗದೇ ಇದ್ದ ಹೊಗೇನೂ ಮಾರ್ತಾರೇನ್ರೀ? ಹಂಗಾದ್ರೆ ನನ್ನ ಗಂಡ ಕುಡೀದೇ ಇದ್ದ ದಿನಗಳ್ನೂ ಯಾರಾದ್ರೂ ಕೊಂಡ್ಕೊಳ್ಳಿ. ವರ್ಷಕ್ಕೆ ಎರಡು ದಿನ ಸಿಗುತ್ತೆ.”

ಎಲ್ಲರೂ ನಕ್ಕೆವು. ಕುಕ್ಕರಿನ ಹೊಟ್ಟೆಯಲ್ಲೊಂದು ಯಂತ್ರ ಇದೆ, ಯಾವ ದಿನ ಎಷ್ಟು ಹೊತ್ತು ಬೇಯಿಸಿದಿರಿ ಅಂತ ಅದೇ ಆಫೀಸಿಗೆ ತಿಳಿಸುತ್ತದೆ ಎಂದದ್ದು ನಗುವಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಅರ್ಜಿಯಲ್ಲಿ ಮೀಟರಿನ ಸಂಖ್ಯೆ ಕೇಳಿದ್ದರು. ಗಂಡ ಅಸಾವ ಬದುಕಿದ್ದಾಗ ಕಂಬ ಹಾಕಿಸಿದ್ದು ನನ್ನ ಮನೆಯವರೆಗೆ ಮಾತ್ರ. ಮುಂದಿನ ವರ್ಷ ತೊರೆ ದಾಟಿಸಿ ಮಿನಾಯೊಗೂ ಎಳೆಸುತ್ತೇನೆ ಎಂದವನು ಆ ಮುಂದಿನ ವರ್ಷ ನೋಡಲಿಲ್ಲ. ನನ್ನ ಅಂಗಳದ ಆ ಕಂಬ ಕಂಡಾಗಲೆಲ್ಲ ನನಗೆ ನಾಚಿಕೆ. ಇಪ್ಪತ್ತು ವರ್ಷದಿಂದ ಗುಂಪಿನಲ್ಲಿದ್ದವಳನ್ನು ಕುಕ್ಕರಿನ ಹೊತ್ತಿಗೆ ಹೊರಗಿಡುವುದು ಹೇಗೆ? ನನ್ನ ಮೀಟರಿನ ಕೊನೆಯ ಅಂಕಿಯೊಂದನ್ನು ಬದಲಿಸಿ ಅವಳ ಹೆಸರಿನ ಮುಂದೆ ಬರೆದುಬಿಟ್ಟೆ.

ಆಮೇಲೆ ನನ್ನ ಬುದ್ಧಿವಂತಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕರೆಂಟಿರುವ ಮನೆಗಳು ಏಳು, ವಾರಕ್ಕೆ ದಿನಗಳೂ ಏಳು. ಉಳುಮೆ, ಚೀಟಿ, ಸಾವಿನ ಮನೆಯ ಅಡುಗೆ, ಎಲ್ಲವನ್ನೂ ಸರದಿಯ ಮೇಲೆ ಮಾಡುವ ನಾವು ಕಾಳನ್ನು ಮಾತ್ರ ಬೇರೆಬೇರೆ ಬೇಯಿಸುವುದೇಕೆ? ದಿನಕ್ಕೊಂದು ಮನೆಯ ಕರೆಂಟು, ಎಂಟೂ ಮನೆಯ ಜೋಳ, ಕಾಳು. ನಮ್ಮ ಗುಡ್ಡದಲ್ಲಿ ಕೂಡಿ ಮಾಡುವ ಕೆಲಸಕ್ಕೆ ಏನೂ ಕೊಡಲಾಗದವರು ಪಾತ್ರೆ ತರುತ್ತಾರೆ. ಮಿನಾಯೊಗೆ ಕೊಡಲು ಕರೆಂಟಿಲ್ಲ. ಹಾಗಾಗಿ ಅವಳು ತನ್ನ ಕುಕ್ಕರನ್ನು ತಲೆಯ ಮೇಲಿಟ್ಟುಕೊಂಡು ಆ ದಿನದ ಸರದಿಯ ಮನೆಗೆ ಬರುತ್ತಿದ್ದಳು. ದಿನವೂ ಬೆಂದದ್ದು ಅವಳದರಲ್ಲೇ. ನಮ್ಮವು ಪ್ಲಾಸ್ಟಿಕ್ ಕೂಡ ಬಿಚ್ಚದೆ ಹೊಸದಾಗೇ ಇದ್ದವು. ಎಷ್ಟು ಜೋಪಾನ ಅಂತ ನಾನು ಬೀಗುತ್ತಿದ್ದೆ.

ನನ್ನ ಸರದಿ ಬುಧವಾರ. ಅವತ್ತು ಮಾತ್ರ ಅವಳು ಕುಕ್ಕರನ್ನು ಜಗಲಿಯ ಮೇಲಿಡುವಳು, ನಾನು ಕಿಟಕಿಯಿಂದ ವೈರು ಹೊರಗೆ ಎಳೆದು ಕೊಡುವೆ. ನಮ್ಮಲ್ಲಿ ಒಬ್ಬ ಹೆಂಡತಿಯ ಒಲೆ ಇರುವಲ್ಲಿ ಇನ್ನೊಬ್ಬಳು ಕಾಲಿಡುವುದಿಲ್ಲ. ನಾನು ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ. ಅವಳು ನನ್ನ ಅಡುಗೆಮನೆ ಕಂಡಿಲ್ಲ, ನಾನು ಅವಳದು ಕಂಡಿಲ್ಲ. ಬೆಳಿಗ್ಗೆ ಎದ್ದು ತೊರೆಯಾಚೆ ಅವಳ ಸೂರಿನಿಂದ ಚಹಾದ ಹೊಗೆ ಏಳುವುದನ್ನು ನೋಡುತ್ತಿದ್ದೆ, ಅಷ್ಟೇ. ಹೊಗೆ ಎದ್ದರೆ ಅವಳೂ ಎದ್ದಿದ್ದಾಳೆ ಎಂದು ನನ್ನ ಕೆಲಸಕ್ಕೆ ತಿರುಗುತ್ತಿದ್ದೆ.

ಆದರೆ ಈ ಎರಡು ತಿಂಗಳಲ್ಲಿ ಒಂದನ್ನು ಗಮನಿಸಿದ್ದೆ. ಮಧ್ಯಾಹ್ನವೆಲ್ಲ ಕಾಳಿನ ಮುಂದೆ ಕೂತು ಊದುವುದು ತಪ್ಪಿದ ಮೇಲೆ ಅವಳ ಕಣ್ಣಿನ ಕೆಂಪು ಇಳಿದಿತ್ತು. ಸೆರಗಿನ ತುದಿಯಿಂದ ಕಣ್ಣೊರೆಸುವ ಅಭ್ಯಾಸವೇ ಬಿಟ್ಟುಹೋಗಿತ್ತು.

ಸೋಮವಾರ ಕರೆಂಟಿರುವ ಮಿಕ್ಕ ಆರೂ ಮನೆಗೆ ಓಡಿದೆ. ಪ್ಲಾಸ್ಟಿಕ್ ಬಿಚ್ಚಿ, ಇವತ್ತೇ ಬೇಯಿಸಿ, ಏನಾದರೂ ಬೇಯಿಸಿ ಎಂದೆ.

“ಎರಡು ತಿಂಗಳ ಅಡುಗೇನ ಮೂರು ದಿನದಲ್ಲಿ ಮುಗಿಸೋಕೆ ನಮ್ಮನೆ ಏನು ಹಾಸ್ಟೆಲ್ಲಾ?” ಅಂದಳು ಕಗೇಹಾ. ಆದರೂ ಬಿಚ್ಚಿದಳು.

ಮಂಗಳವಾರ ತಲೆಗೊಂದು ಹುಚ್ಚು ಹೊಕ್ಕಿತು. ಚರ್ಚಿನ ಮೈಕಿನ ವೈರು, ಕ್ಷೌರದಂಗಡಿಯವನ ವೈರು, ಯಾರ್ಯಾರ ಮನೆಯದೋ ಎಲ್ಲ ಬೇಡಿ ತಂದು ಒಂದಕ್ಕೊಂದು ಸಿಕ್ಕಿಸಿದೆ. ಬುಧವಾರ ಬಾಳೆಗಿಡಗಳ ನಡುವೆ ಎಳೆದುಕೊಂಡು ಇಳಿದೆ. ತೊರೆಯ ಹತ್ತಿರ ವೈರು ಮುಗಿದುಹೋಯಿತು. ಮಿನಾಯೊ ಮನೆ ಮುಟ್ಟಲು ಇನ್ನೂ ಮೂವತ್ತು ಹೆಜ್ಜೆ ಬೇಕಿತ್ತು. ಆಚೆ ದಡದಲ್ಲಿ ಮಿನಾಯೊ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

“ಏನೇ ಅದು, ಹಸು ಕಟ್ಟೋಕೆ ಹಗ್ಗಾನಾ?”

“ಅಕ್ಕ, ನಾಳೆ ಒಂದಿನ ನನ್ನ ಮಾತು ಕೇಳು. ಕರೆಂಟೆಲ್ಲಿ ಅಂತ ಕೇಳಿದ್ರೆ ಕಂಬದಲ್ಲಿ ಫ್ಯೂಸ್ ಹೋಗಿದೆ ಅನ್ನು.”

“ಕಂಬನೇ ಇಲ್ದಿರೋ ಕಡೆ ಫ್ಯೂಸ್ ಹೋಯ್ತು ಅನ್ಲಾ? ನಿಂಗೆ ಸೊಪ್ಪು ಬೇಯ್ಸೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ.”

ಸಿಟ್ಟಿಗೆ ವೈರನ್ನೆಲ್ಲ ಅಲ್ಲೇ ಬಿಸಾಕಿ ಬಂದೆ. ಅರ್ಧ ದಾರಿಗೆ ಬಂದು, ಚರ್ಚಿನದಲ್ಲವೇ ಎಂದು ಮತ್ತೆ ಹೋಗಿ ಸುತ್ತಿ ತಂದೆ.

ಗುರುವಾರ ಆಫೀಸಿನಿಂದ ಬಂದದ್ದು ಮ್ವೆಂಡೆ ಎಂಬ ಹುಡುಗಿ. ಬಾಡಿಗೆ ಬೈಕಿನಿಂದ ಇಳಿದು, ಬೂಟಿನ ಕೆಮ್ಮಣ್ಣು ಕೊಡವಿಕೊಂಡು, ಮೊದಲು ಮಿನಾಯೊ ಅಮ್ಮನ ಮನೆ ತೋರಿಸಿ ಎಂದಳು. ಗುಂಪೆಲ್ಲ ಹಿಂದೆ ಹೊರಟೆವು. ನಾನು ಹೊಸ್ತಿಲಾಚೆಯೇ ನಿಂತೆ. ಒಳಗೆ ಮೂರು ಕಲ್ಲು, ಕರಿ ಹಿಡಿದ ಗೋಡೆ. ಮ್ವೆಂಡೆ ಎತ್ತಿದ ಫೋನನ್ನು ಕೆಳಗಿಳಿಸಿದಳು.

“ಅಮ್ಮ, ಪ್ಲಗ್ಗೆಲ್ಲಿ ಹಾಕ್ತೀರಿ?”

“ಗುರುವಾರದ ಪ್ಲಗ್ಗು ಕಗೇಹಾ ಮನೇಲಿ,” ಎಂದಳು ಮಿನಾಯೊ. “ಬುಧವಾರದ್ದು ಇವಳ ಜಗಲೀಲಿ.”

ಇನ್ನು ಮುಚ್ಚಿಟ್ಟು ಏನು ಉಪಯೋಗ? ಸರದಿಯ ಕಥೆ, ತಿದ್ದಿದ ಅಂಕಿಯ ಕಥೆ, ಎರಡನ್ನೂ ಹೇಳಿದೆ. ಮೊದಲನೆಯದಕ್ಕೆ ಹುಡುಗಿ ನಕ್ಕಳು, ಎರಡನೆಯದಕ್ಕೆ ನಗಲಿಲ್ಲ.

“ಏಳು ಕುಕ್ಕರಿಗೆ ಒಂದು ತಿಂಗಳು ಟೈಮ್ ಕೊಡ್ತೀನಿ. ಅವರವರ ಮನೇಲಿ ಅವರವರೇ ಬೇಯಿಸ್ಬೇಕು. ಆದ್ರೆ ಈ ಅಮ್ಮಂದು ಇಡೋಕಾಗಲ್ಲ. ಕರೆಂಟಿಲ್ಲದ ಮನೆ ಪಟ್ಟೀಲಿದೆ ಅಂತ ಮೇಲಿನೋರಿಗೆ ಗೊತ್ತಾದ್ರೆ ಇಡೀ ಗುಂಪನ್ನೇ ತೆಗೀತಾರೆ.”

ಎಲ್ಲರ ತಲೆಯೂ ತಗ್ಗಿತು. ಕಗೇಹಾ ಕೂಡ ನೆಲ ನೋಡುತ್ತಿದ್ದಳು. ಅವರನ್ನು ಬೈಯಲಾರೆ, ನಾನೂ ಒಂದು ಕ್ಷಣ ಲೆಕ್ಕ ಹಾಕಿದೆ: ಒಂದು ಹೋದರೆ ಏಳು ಉಳಿಯುತ್ತವೆ. ಅಷ್ಟರಲ್ಲಿ ಮಿನಾಯೊ ತನ್ನ ಕುಕ್ಕರನ್ನು ತೊಳೆದು, ಹಬ್ಬಕ್ಕೆ ಉಡುವ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು.

“ತಗೋ ಮಗಳೇ. ಮೂರು ಕಲ್ಲು ನಂಗೇನು ಹೊಸದಲ್ಲ.”

ಹೊರಗೆ ಬಿಸಿಲಿನಲ್ಲಿ ಅವಳ ಕಣ್ಣು ತಿಳಿಯಾಗಿತ್ತು. ನನಗೆ ತಡೆಯಲಾಗಲಿಲ್ಲ.

“ಅವಳದು ಇರಲಿ,” ಎಂದೆ. “ನನ್ನದು ತಗೊಂಡು ಹೋಗು.”

“ಅವರ ಮನೇಲಿ ಕರೆಂಟಿಲ್ವಲ್ಲಮ್ಮ.”

“ನನ್ನ ಮನೇಲಿದೆ. ನನ್ನ ಮೀಟರಿಗೆ ಅವಳ ಹೆಸರು ಬರ್ಕೋ.”

“ಒಂದು ಮೀಟರಿಗೆ ಒಂದೇ ಕುಕ್ಕರ್.”

“ಅದಕ್ಕೇ ನನ್ನದು ತಗೊಂಡು ಹೋಗು ಅಂದದ್ದು.”

ಹುಡುಗಿ ಕಾಗದ ತಿರುಗಿಸಿ ನೋಡಿದಳು. “ಹಂಗಾದ್ರೆ ಇಬ್ಬರೂ ಒಂದೇ ಮನೆಯೋರು ಅಂತ ಬರೀಬೇಕು. ಒಂದೇ ಮನೆ ಅಂದ್ರೆ ಒಂದೇ ಒಲೆ. ಆಗುತ್ತಾ?”

ಈಗ ಎಲ್ಲರ ತಲೆಯೂ ಮೇಲೆದ್ದಿತು.

“ಏ ಜೆಂಡೆಕಾ,” ಕಗೇಹಾ ಪಿಸುಗುಟ್ಟಿದಳು, “ಅಸಾವ ಗೋರಿಯಿಂದ ಎದ್ದು ಬರ್ತಾನೆ.”

“ಬರಲಿ. ಬಂದೋನು ಕಂಬ ನೆಡಿಸಿಕೊಟ್ಟು ಹೋಗಲಿ.”

ಮ್ವೆಂಡೆ ಮಿನಾಯೊ ಕಡೆ ತಿರುಗಿದಳು. ಮಿನಾಯೊ ನನ್ನನ್ನು ಮೇಲಿಂದ ಕೆಳಗೆ ಅಳೆದಳು, ಮದುವೆಯ ದಿನ ಅಳೆದ ಹಾಗೆಯೇ.

“ಬರ್ಕೋ ಮಗಳೇ. ಬರಕೊಳ್ಳೋಕೇನು. ಹೋಗೋದು ಬಿಡೋದು ನನ್ನ ಕಾಲಿಗೆ ಬಿಟ್ಟದ್ದು.”

ನನ್ನ ಕುಕ್ಕರು ಬೈಕಿನ ಹಿಂದೆ ಕಟ್ಟಿಸಿಕೊಂಡು ಹೋಯಿತು. ಎಂಟು ವಾರ ಕಟ್ಟಿದ ದುಡ್ಡು ಹೋಯಿತು. ನಾನೇ ಕಟ್ಟಿದ ಗುಂಪಿನ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಆ ಹುಡುಗಿ ಅಡ್ಡಗೆರೆ ಎಳೆದಾಗ ಅಳು ಬಂತು, ಸುಳ್ಳು ಹೇಳುವುದಿಲ್ಲ. ಮಿನಾಯೊ ತನ್ನ ಕುಕ್ಕರನ್ನು ಬಟ್ಟೆಯ ಸಮೇತ ಮನೆಯೊಳಗೆ ಒಯ್ದಿಟ್ಟಳು. ಅವಳು ಬರದಿದ್ದರೆ ಆ ಕುಕ್ಕರೂ ತಣ್ಣಗೆ ಕೂರುತ್ತದೆ, ತಿಂಗಳು ಕಳೆದರೆ ಅದೂ ಹೋಗುತ್ತದೆ.

ಸಂಜೆಯೆಲ್ಲ ಅಡುಗೆಮನೆ ಗುಡಿಸಿದೆ. ಗುಡಿಸಿದ್ದನ್ನೇ ಗುಡಿಸಿದೆ. ವೈರನ್ನು ಕಿಟಕಿಯಿಂದ ಹೊರಗೆ ಹಾಕಿದೆ, ಒಳಗೆ ಎಳೆದೆ, ಮತ್ತೆ ಹಾಕಿದೆ. ಅವಳು ಬರಲಿಲ್ಲ.

ಬೆಳಿಗ್ಗೆ ಎದ್ದವಳು ಅಭ್ಯಾಸದಂತೆ ಕಿಟಕಿಗೆ ಹೋದೆ. ತೊರೆಯಾಚೆ ಅವಳ ಸೂರಿನ ಮೇಲೆ ಹೊಗೆ ಇರಲಿಲ್ಲ. ಕಣ್ಣುಜ್ಜಿ ನೋಡಿದೆ, ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಅವಳಿಗೇನೋ ಆಗಿದೆ, ನಾನೇ ಮಾಡಿದೆ ಎಂದು ಚಪ್ಪಲಿಯೂ ಮೆಟ್ಟದೆ ಓಡಿ ಬಾಗಿಲು ತೆಗೆದೆ.

ಮಿನಾಯೊ ನನ್ನ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕುಕ್ಕರು, ಮಡಿಲಲ್ಲಿ ನೆನೆಸಿದ ಕಾಳಿನ ಬೋಗುಣಿ.

“ಎಷ್ಟೊತ್ತು ಮಲಗ್ತೀಯೇ? ಆಗ್ಲಿಂದ ಕೂತಿದ್ದೀನಿ.” ಎದ್ದು, ಕಿಟಕಿಯಿಂದ ನೇತಾಡುತ್ತಿದ್ದ ವೈರನ್ನು ಒಳಗೆ ತೂರಿದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಹೊಸ್ತಿಲು ದಾಟಿ, ನನ್ನ ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದಳು.

“ಉಪ್ಪೆಲ್ಲಿಟ್ಟಿದ್ದೀ?”